ದೃಢೀಕರಣದ ಮರುವಾರ

ಕೇಳುಗರೆಲ್ಲರಿಗೂ ನಮಸ್ಕಾರ.

1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಮೂವರು ಮಿಷನರಿಗಳು ಮಂಗಳೂರಿಗೆ ಬಂದಿಳಿದರು. ಅವರಿಂದ ಬೇರೂರಿದ ಕ್ರೈಸ್ತ ಸಭೆಯೊಂದರಲ್ಲಿ ಬೆಳೆದವಳು ನಾನು; ಈಗ ಅಲ್ಲಿಯೇ ಭಾನುವಾರ ಶಾಲೆಯ ಮಕ್ಕಳಿಗೆ ಪಾಠ ಹೇಳುತ್ತೇನೆ. ದೃಢೀಕರಣ, ಅಂದರೆ ಮಕ್ಕಳು ತಮ್ಮ ನಂಬಿಕೆಯನ್ನು ತಾವೇ ಒಪ್ಪಿಕೊಂಡು ಸಭೆಯ ಪೂರ್ಣ ಸದಸ್ಯರಾಗುವ ವಿಧಿ; ಅದರ ದಿನ ಬಂತೆಂದರೆ ನನ್ನ ಕಣ್ಣು ತುಂಬುತ್ತದೆ. ಬಿಳಿ ಬಟ್ಟೆ ತೊಟ್ಟ ಮಕ್ಕಳು ಮೊಣಕಾಲೂರುತ್ತಾರೆ, ಬಿಷಪರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಕೆಲವು ತಿಂಗಳು ಕಳೆದರೆ ಅದೇ ಬೆಂಚು ಖಾಲಿ. ಟ್ಯೂಷನ್, ಕಾಲೇಜು, ಆಮೇಲೆ ಬೆಂಗಳೂರಿನ ಕೆಲಸ ಎನ್ನುತ್ತೇವೆ. ನಾವೇ ದೃಢೀಕರಣವನ್ನು ಬೀಳ್ಕೊಡುಗೆ ಮಾಡಿಬಿಟ್ಟಿದ್ದೇವೆ ಎಂದು ನನಗೆ ಅನಿಸುತ್ತದೆ.

ಒಮ್ಮೆ ತರಗತಿಯಲ್ಲಿ ಹುಡುಗನೊಬ್ಬ ಕೇಳಿದ: "ಟೀಚರ್, ಅಜ್ಜಿಗಾಗಿ ಅಷ್ಟೊಂದು ಪ್ರಾರ್ಥಿಸಿದೆವು. ಆದರೂ ಯಾಕೆ ತೀರಿಕೊಂಡರು?" ಪಾಠ ಇನ್ನೂ ಬಾಕಿಯಿದೆ, ಆಮೇಲೆ ನೋಡೋಣ ಎಂದೆ. ಆ ಮಾತಿಗಾಗಿ ಇಂದಿಗೂ ನೋಯುತ್ತೇನೆ. ಹನ್ನೆರಡು ವರ್ಷದ ಯೇಸು ಯೆರೂಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಪ್ರಶ್ನೆ ಕೇಳುತ್ತಿದ್ದನೆಂದು ಲೂಕನು ತನ್ನ ಸುವಾರ್ತೆಯಲ್ಲಿ ಬರೆದಿದ್ದಾನೆ. ಆ ಬೋಧಕರು ಬಾಲಕನನ್ನು ಸುಮ್ಮನಿರಿಸಲಿಲ್ಲ.

ಹುಡುಗ ನನ್ನಲ್ಲಿ ಮತ್ತೆ ಪ್ರಶ್ನೆ ಕೇಳಲಿಲ್ಲ. ಆ ವರ್ಷದ ಸುಗ್ಗಿ ಹಬ್ಬದ ಏಲಂನಲ್ಲಿ ನಮ್ಮ ಸಭೆಯ ಹಿರಿಯ ಖಜಾಂಚಿ ಅವನ ಕೈಗೆ ಲೆಕ್ಕದ ಪುಸ್ತಕ ಕೊಟ್ಟರು. ತೆಂಗಿನಕಾಯಿ, ಬಾಳೆಗೊನೆ, ಊರಿನ ಕೋಳಿ. ಕೂಗಿ ಕೊಂಡವರು ಮತ್ತೆ ಸಭೆಗೇ ಕೊಟ್ಟದ್ದರಿಂದ ಒಂದೇ ಕುಂಬಳಕಾಯಿ ಮೂರು ಸಲ ಏಲಂ ಆಯಿತು. ಹುಡುಗ ಎಲ್ಲವನ್ನೂ ಬರೆದುಕೊಂಡ. ಕತ್ತಲಾದ ಮೇಲೆ ಇಬ್ಬರೂ ಚಿಲ್ಲರೆ ಎಣಿಸುತ್ತಾ ಕುಳಿತಾಗ ಅದೇ ಪ್ರಶ್ನೆ ಅವರ ಮುಂದೆ ಬಂತು. ಹೆಂಡತಿಯನ್ನು ಕಳೆದುಕೊಂಡಿದ್ದ ಆ ಹಿರಿಯರು, "ನಾನೂ ದೇವರ ಹತ್ತಿರ ದಿನಾಲೂ ಅದನ್ನೇ ಕೇಳುತ್ತೇನೆ ಮಗನೇ. ಕೇಳಿದ ಮೇಲೂ ಪ್ರಾರ್ಥನೆ ಬಿಡಲು ಆಗುವುದಿಲ್ಲ" ಎಂದರಂತೆ.

ನಾನು ಕೊಡಬೇಕಾಗಿದ್ದ ಪಾಠ ಅಲ್ಲಿ ನಡೆಯಿತು. ತನ್ನ ಕಿರಿಯ ಜೊತೆಗಾರ ತಿಮೊಥೆಯನ ನಂಬಿಕೆಯನ್ನು ನೆನೆಯುವಾಗ ಅಪೊಸ್ತಲ ಪೌಲನು ಹೆಸರಿಸುವುದೂ ಅವನ ಅಜ್ಜಿ ಲೋವಿಯನ್ನು, ತಾಯಿ ಯೂನಿಕೆಯನ್ನು. ಅವನ ಕಣ್ಣೆದುರೇ ಬದುಕಿದ ಇಬ್ಬರು ಹೆಂಗಸರನ್ನು. ನಮ್ಮ ಯುವಜನರಿಗೆ ಅಂಥ ಹಿರಿಯರ ಪಕ್ಕದಲ್ಲಿ ಕೂರುವ ಜಾಗ ಬೇಕು, ನಿಜವಾದ ಕೆಲಸ ಬೇಕು. ವೇದಿಕೆಯ ಅಲಂಕಾರ, ಕುರ್ಚಿ ಜೋಡಿಸುವುದು ಸಾಲದು. ಹಣದ ಲೆಕ್ಕ, ರೋಗಿಗಳ ಭೇಟಿ, ಸಭೆಯ ತೀರ್ಮಾನಗಳಲ್ಲಿ ಮಾತು, ಇವನ್ನೂ ಕೊಡಬೇಕು. ತಪ್ಪಾದರೆ ತಿದ್ದೋಣ.

ಆ ಹುಡುಗ ಈಗ ಬೆಂಗಳೂರಿನಲ್ಲಿದ್ದಾನೆ. ಕಳೆದ ಸುಗ್ಗಿಗೆ ರಾತ್ರಿ ಬಸ್ಸಿನಲ್ಲಿ ಬಂದಿದ್ದ. ಹಿರಿಯರ ಕೈ ನಡುಗುತ್ತಿತ್ತು. ಅವನು ಅವರ ಪಕ್ಕದಲ್ಲಿ ಕುಳಿತು, ಆಗಷ್ಟೇ ದೃಢೀಕರಣವಾಗಿದ್ದ ಹುಡುಗಿಯೊಬ್ಬಳನ್ನು ಕರೆದು, ಪೆನ್ನು ಅವಳ ಕೈಗೆ ಕೊಟ್ಟ.