ಹೂಜಿಯ ಬುಡದಲ್ಲಿ ಒಂದು ಹೆಬ್ಬೆರಳು

ಎಲ್ಲರಿಗೂ ನಮಸ್ಕಾರ.

ಪರದೆ ಮೇಲಿನ ಈ ಹೂಜಿ ನೋಡಿ. 13ನೇ ಶತಮಾನದ ಇಂಗ್ಲೆಂಡಿನದು. ಮೈ ತುಂಬ ಹಸಿರು ಮೆರುಗು. ಸೀಸದ ಪುಡಿ ಆವಿಗೆಯ, ಅಂದರೆ ಮಡಕೆ ಸುಡುವ ಗೂಡಿನ, ಬಿಸಿಗೆ ಕರಗಿ ಗಾಜಾಗಿದೆ, ಹಸಿರು ಬಂದದ್ದು ತಾಮ್ರದಿಂದ. ಚೆಂದವಿದೆ, ಆದರೆ ನಾನು ತೋರಿಸಬೇಕಾದದ್ದು ಅದಲ್ಲ. ಬುಡಕ್ಕೆ ಬನ್ನಿ. ಕರ್ಜಿಕಾಯಿ ಅಂಚು ಒತ್ತಿದ ಹಾಗೆ ಸುತ್ತಲೂ ಗುಳಿಗಳಿವೆ, ಕಾಣುತ್ತಿದೆ ಅಲ್ವಾ? ಅದು ಕುಂಬಾರನ ಹೆಬ್ಬೆರಳು.

ಇಂಥ ಹೂಜಿಗಳ ತಳ ಸ್ವಲ್ಪ ಕೆಳಕ್ಕೆ ಉಬ್ಬಿರುತ್ತದೆ. ಹಾಗೇ ಇಟ್ಟರೆ ಅಲ್ಲಾಡುತ್ತದೆ. ಅದಕ್ಕೇ ಹಸಿ ಮಣ್ಣಿನ ಅಂಚನ್ನು ಬೆರಳಿಂದ ಒತ್ತಿ ಕೆಳಗೆಳೆದು ಪುಟ್ಟ ಪುಟ್ಟ ಕಾಲು ಮಾಡಿದ್ದಾನೆ. ನಾನು ಮೊದಲ ಸಲ ಈ ಗುಳಿಗಳನ್ನು ಹತ್ತಿರದಿಂದ ನೋಡಿದಾಗ, ಗಾಜಿನ ಈಚೆಗೆ ನನ್ನ ಹೆಬ್ಬೆರಳು ತಾನಾಗೇ ಬಾಗಿತ್ತು.

ಅವನ ಹೆಸರೇನು? ಗೊತ್ತಿಲ್ಲ. ಇಂಗ್ಲೆಂಡಿನ ಊರೂರಿನ ಆಸ್ತಿ ಲೆಕ್ಕ ಬರೆದಿಟ್ಟ, ಇನ್ನೂ ಹಿಂದಿನ 1086ರ ಡೂಮ್ಸ್‌ಡೇ ದಾಖಲೆಯಲ್ಲೂ ಬ್ಲೇಡನ್, ಹೇರ್ಸ್‌ಫೀಲ್ಡ್, ವೆಸ್ಟ್‌ಬರಿ ಊರುಗಳಲ್ಲಿ ಕುಂಬಾರರಿದ್ದರು ಅಂತ ಬರೆದಿದೆ, ಅಷ್ಟೇ. ಹೆಸರು ಬರೆಯದೆ ಹೋದರು, ಬೆರಳು ಉಳಿಯಿತು. ನಾರ್ಫೋಕ್‌ನ ಗ್ರಿಮ್‌ಸ್ಟನ್ ಕುಂಬಾರರಂತೂ ಹೂಜಿಯ ಕತ್ತಿಗೆ ಗಡ್ಡದ ಮುಖವನ್ನೇ ಅಂಟಿಸುತ್ತಿದ್ದರು.

ಇನ್ನು ದೊಡ್ಡ ಕೆಲಸಕ್ಕೆ ಬರುತ್ತೇನೆ. ಮಣ್ಣಿನಲ್ಲಿ ದೊಡ್ಡದು ಮಾಡುವುದು ಕಷ್ಟ. ಒಣಗುವಾಗ ಕುಗ್ಗುತ್ತದೆ, ಸೀಳುತ್ತದೆ. ದಪ್ಪ ಇದ್ದರೆ ಒಳಗಿನ ತೇವ ಹಬೆಯಾಗಿ ಸಿಡಿಯುತ್ತದೆ. ನಾನೊಮ್ಮೆ ಆತುರಪಟ್ಟು, ಸರಿಯಾಗಿ ಒಣಗದ ದಪ್ಪ ಮಣ್ಣಿನ ತಲೆಯೊಂದನ್ನು ಆವಿಗೆಗೆ ಇಟ್ಟಿದ್ದೆ. ಢಬ್ ಅಂತ ಒಂದು ಸದ್ದು. ಅಕ್ಕಪಕ್ಕದ ಮಡಕೆಗಳೂ ಚೂರಾದವು.

ಹಾಗಾದರೆ ದಾರಿ? ಕೈಗೆ ಸಿಗುವಷ್ಟು ಚಿಕ್ಕದನ್ನು ಸಾವಿರ ಸಲ ಮಾಡುವುದು. ಇದು ಹೊಸದೇನಲ್ಲ. ಸಾಲಿಸ್‌ಬರಿ ಹತ್ತಿರದ ಕ್ಲಾರೆಂಡನ್ ಅರಮನೆಗೆ 1240ರ ದಶಕದಲ್ಲಿ ಮೂರನೇ ಹೆನ್ರಿ ಹಾಕಿಸಿದ ನೆಲ ಹಾಗೇ ಆದದ್ದು. ಕೆಂಪು ಮಣ್ಣಿನ ಬಿಲ್ಲೆಗೆ ಅಚ್ಚೊತ್ತಿ, ಆ ಗುಳಿಗೆ ಬಿಳಿ ಮಣ್ಣು ತುಂಬಿ, ಮೇಲೆ ಸೀಸದ ಮೆರುಗು ಕೊಟ್ಟು ಸುಟ್ಟರು. ಆಮೇಲೆ ಒಂದೊಂದಾಗಿ ಜೋಡಿಸುತ್ತಾ ಹೋದರೆ ಇಡೀ ನೆಲ. ಅದರ ಒಂದು ಭಾಗ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಬ್ರಿಟಿಷ್ ಶಿಲ್ಪಿ ಆಂಟನಿ ಗಾರ್ಮ್ಲಿ 1993ರಲ್ಲಿ ಹಿಡಿದದ್ದೂ ಇದೇ ದಾರಿ. ಇಂಗ್ಲೆಂಡಿನ ಸೇಂಟ್ ಹೆಲೆನ್ಸ್ ಊರಿನ ಜನರನ್ನು ಸೇರಿಸಿಕೊಂಡರು. ದೊಡ್ಡವರು, ಮಕ್ಕಳು, ಎಲ್ಲರಿಗೂ ಇಟ್ಟಿಗೆ ಮಣ್ಣು ಕೊಟ್ಟರು. ಮುಷ್ಟಿಗೆ ಸಿಗುವಷ್ಟಿರಲಿ, ನೆಟ್ಟಗೆ ನಿಲ್ಲಲಿ, ಎರಡು ಕಣ್ಣಿರಲಿ, ಇಷ್ಟೇ ನಿಯಮ. ಪೆನ್ಸಿಲ್‌ನಿಂದ ಚುಚ್ಚಿದರೆ ಕಣ್ಣು. ಬಾಯಿಲ್ಲ, ಕೈಯಿಲ್ಲ. ಹೀಗೆ ಸುಮಾರು 40,000 ಗೊಂಬೆಗಳಾದವು. ಅವು ಕೋಣೆ ಪೂರ್ತಿ ತುಂಬಿ ನಿಲ್ಲುತ್ತವೆ. ನಾವು ಬಾಗಿಲಲ್ಲೇ ನಿಲ್ಲಬೇಕು, ಕಾಲಿಡಲು ಜಾಗವಿಲ್ಲ. ಅಷ್ಟೂ ಕಣ್ಣು ನಮ್ಮ ಕಡೆಗೇ. ನನಗೆ ಇದಕ್ಕಿಂತ ದೊಡ್ಡ ಮಣ್ಣಿನ ಕೃತಿ ಬೇರೆ ಕಾಣುವುದಿಲ್ಲ.

2014ರ ಲಂಡನ್ ಟವರ್ ಕೋಟೆಯ ಮಣ್ಣಿನ ಗಸಗಸೆ ಹೂಗಳು ಲೆಕ್ಕದಲ್ಲಿ ಇನ್ನೂ ಜಾಸ್ತಿ. ಪಾಲ್ ಕಮಿನ್ಸ್ ಮತ್ತು ಟಾಮ್ ಪೈಪರ್ ಅವರ ಕೃತಿ ಅದು. ಮೊದಲ ಮಹಾಯುದ್ಧದಲ್ಲಿ ಸತ್ತ ಬ್ರಿಟಿಷ್ ಮತ್ತು ವಸಾಹತುಗಳ ಸೈನಿಕರ ಲೆಕ್ಕಕ್ಕೆ 8,88,246 ಕೆಂಪು ಹೂಗಳು, ಒಂದೊಂದೂ ಕೈಯಿಂದ ಮಾಡಿದ್ದು. ಕೆಲಸದ ನಡುವೆ ಕಮಿನ್ಸ್ ಅವರ ಕೈ ರೋಲರ್‌ಗೆ ಸಿಕ್ಕಿ ಒಂದು ಬೆರಳೇ ಹೋಯಿತು. ಕೊನೆಯ ಹೂ ನೆಟ್ಟದ್ದು ನವೆಂಬರ್ 11ರಂದು. 25 ಪೌಂಡಿಗೆ ಒಂದರಂತೆ ಮಾರಾಟವಾಗಿದ್ದ ಹೆಚ್ಚಿನವು ಆಮೇಲೆ ಮನೆ ಮನೆ ಸೇರಿದವು, ಹಿಂದೆ ಹೂಜಿಗಳು ಸೇರಿದ ಹಾಗೆ.

ಮುಂದಿನ ಮೇಜಿನ ಮೇಲೆ ಹಸಿ ಮಣ್ಣಿನ ಉಂಡೆಗಳಿವೆ. ಎಲ್ಲರೂ ಒಂದೊಂದು ತಗೊಳ್ಳಿ. ಏನೂ ಮಾಡಬೇಡಿ, ಸುಮ್ನೆ ಅಂಚನ್ನು ಹೆಬ್ಬೆರಳಿಂದ ಒತ್ತಿ ನೋಡಿ. ಒಣಗಿದ ಮೇಲೆ ಸುಟ್ಟು ಕೊಡುತ್ತೇನೆ.