ಮೊದಲು ಲೈಸೆನ್ಸ್ ಎಣಿಸಿ, ಆಮೇಲೆ ಮಷೀನ್

ನಮಸ್ಕಾರ, ಬದಿಯಡ್ಕದಿಂದ.

ಇವತ್ತು ಬೇರೆ ವಿಷಯಕ್ಕೆ ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಅದನ್ನು ಬದಿಗಿಟ್ಟೆ. ಕಳೆದ ವೀಡಿಯೊ ಕೆಳಗೆ ಬಂದ ಒಂದು ಕಾಮೆಂಟ್ ನಿನ್ನೆಯಿಂದ ತಲೆ ಕೊರೆಯುತ್ತಿದೆ. ಓದುತ್ತೇನೆ ಕೇಳಿ. "ಅಣ್ಣಾ, ರೆಂಡರ್ ನಿಧಾನ ಆದ್ರೆ ಇನ್ನು ನಾಲ್ಕು ಮಷೀನ್ ಹಾಕಿ. ಅಷ್ಟಕ್ಕೆ ಇಷ್ಟುದ್ದ ವೀಡಿಯೊ ಯಾಕೆ?"

ಮಷೀನ್ ಹಾಕುವುದಂತೆ! ರೆಂಡರ್ ಅಂದರೆ ಅನಿಮೇಶನ್ ಶಾಟಿನ ಒಂದೊಂದು ಫ್ರೇಮನ್ನೂ ಕಂಪ್ಯೂಟರ್ ಲೆಕ್ಕ ಹಾಕಿ ಚಿತ್ರ ಮಾಡುವುದು.

ನಮ್ಮ ಸ್ಟುಡಿಯೋದಲ್ಲಿ ಮಷೀನ್ 14 ಇವೆ. ರೆಂಡರ್ ಮಾಡುವ ಸಾಫ್ಟ್‌ವೇರ್ ಆರ್ನಾಲ್ಡ್, ಅದರ ಲೈಸೆನ್ಸ್ ಇರುವುದು 4. ಅಂದರೆ ಒಂದು ಹೊತ್ತಿಗೆ ನಾಲ್ಕೇ ಮಷೀನ್‌ಗೆ ಲೈಸೆನ್ಸ್ ಸಿಗುತ್ತದೆ. ಮೊದಲ ವರ್ಷ ನಾವೂ ಇದೇ ರೀತಿ ಯೋಚಿಸಿದೆವು. ಹತ್ತು ಸೆಕೆಂಡಿನ ಒಂದು ಶಾಟ್, ಸೆಕೆಂಡಿಗೆ 24 ಫ್ರೇಮ್, ಒಟ್ಟು 240. ಹದಿನಾಲ್ಕಕ್ಕೂ ಹಂಚಿ ಮಲಗಿದೆವು. ಬೆಳಿಗ್ಗೆ ಬಂದು ನೋಡಿದರೆ ಕ್ಯೂ, ಅಂದರೆ ಕೆಲಸಗಳ ಸಾಲು, ಪೂರ್ತಿ ಹಸಿರು. ಎಲ್ಲ ಮುಗಿದಿದೆ ಅಂತ. ಖುಷಿಯಾಯಿತು. ಒಂದು ಫ್ರೇಮ್ ತೆಗೆದೆ. ಅಜ್ಜಿ ಪಾತ್ರದ ಕೆನ್ನೆಯ ಸುಕ್ಕು, ಮೂಗುತಿಯ ಹೊಳಪು ಎಲ್ಲ ಚೆನ್ನಾಗಿ ಬಂದಿತ್ತು. ಅದರ ಮೇಲೆ ವಾಟರ್‌ಮಾರ್ಕ್. ಮುಂದಿನದು ಸರಿ ಇತ್ತು, ಅದರಾಚೆಯದರಲ್ಲಿ ಮತ್ತೆ ವಾಟರ್‌ಮಾರ್ಕ್. ಲೈಸೆನ್ಸ್ ಸಿಗದಿದ್ದರೆ ಆರ್ನಾಲ್ಡ್ ಸುಮ್ನೆ ನಿಲ್ಲುವುದಿಲ್ಲ, ವಾಟರ್‌ಮಾರ್ಕ್ ಹಾಕಿ ಕೆಲಸ ಮುಗಿಸುತ್ತದೆ. ನಿಲ್ಲಬೇಕು ಅಂದರೆ 'ಅಬಾರ್ಟ್ ಆನ್ ಲೈಸೆನ್ಸ್ ಫೇಲ್' ಅನ್ನುವುದನ್ನು ನಾವೇ ಆನ್ ಮಾಡಬೇಕು. ನಾವು ಮಾಡಿರಲಿಲ್ಲ. ಈಗ ಹೇಳಿ, ಇನ್ನು ನಾಲ್ಕು ಮಷೀನ್ ಹಾಕಿದ್ದರೆ ಏನಾಗುತ್ತಿತ್ತು? ಇನ್ನಷ್ಟು ಹಾಳು ಫ್ರೇಮ್, ಅಲ್ವಾ?

ಮೊದಲು ಲೈಸೆನ್ಸ್ ಎಣಿಸಿ. ಆಮೇಲೆ ಮಷೀನ್.

"ಹಾಗಾದರೆ ನಾಲ್ಕಕ್ಕೆ ಮಿತಿ ಹಾಕಿ, ಮುಗೀತಲ್ಲ" ಅನ್ನುವವರಿದ್ದಾರೆ. ಮುಗಿಯುವುದಿಲ್ಲ. ಮಿತಿ ಹಾಕಲೇಬೇಕು, ಮಷೀನ್‌ಗಳಿಗೆ ಕೆಲಸ ಹಂಚುವ ಡೆಡ್‌ಲೈನ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಅದಕ್ಕೆ ಲಿಮಿಟ್ ಅಂತಲೇ ಇದೆ. ಗೂಗಲ್ ಮತ್ತು ಸೋನಿ ಪಿಕ್ಚರ್ಸ್ ಇಮೇಜ್‌ವರ್ಕ್ಸ್ ಸೇರಿ 2019ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಅಂಥದ್ದೇ ಸಾಫ್ಟ್‌ವೇರ್ ಓಪನ್‌ಕ್ಯೂನಲ್ಲೂ ಇದೆ. ಆದರೆ ಆ ನಾಲ್ಕು ಲೈಸೆನ್ಸ್ ಯಾರ ಕೈಗೆ ಹೋಗುತ್ತದೆ? ಪ್ರಶ್ನೆ ಇರುವುದು ಅಲ್ಲಿ.

ನಮ್ಮ ಹೊಸ ಮಷೀನ್ ಒಂದು ಫ್ರೇಮಿಗೆ 12 ನಿಮಿಷ ತೆಗೆದುಕೊಳ್ಳುತ್ತದೆ. ಹಳೆಯದು 40. ನಾಲ್ಕು ಲೈಸೆನ್ಸ್ ಹೊಸ ನಾಲ್ಕಕ್ಕೆ ಹೋದರೆ ಗಂಟೆಗೆ 20 ಫ್ರೇಮ್, ಇಡೀ ಶಾಟ್ 12 ಗಂಟೆಯಲ್ಲಿ ಮುಗಿಯಿತು. ಹಳೆಯ ನಾಲ್ಕಕ್ಕೆ ಹೋದರೆ ಗಂಟೆಗೆ 6. ನಲವತ್ತು ಗಂಟೆ! ಲೈಸೆನ್ಸ್ ಅದೇ, ದುಡ್ಡು ಅದೇ. ಆ ಹೊತ್ತಿಗೆ ಹೊಸ ಮಷೀನ್‌ಗಳು ಏನು ಮಾಡುತ್ತಿದ್ದವು ಗೊತ್ತಾ? ವೀಡಿಯೊ ಕನ್ವರ್ಟ್. ಅದಕ್ಕೆ ಯಾವ ಲೈಸೆನ್ಸೂ ಬೇಡ, ಹಳೆಯ ಡಬ್ಬವೂ ಮಾಡುತ್ತದೆ.

ಅಡಿಕೆ ತೋಟ ಇದ್ದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮಳೆ ಸ್ವಲ್ಪ ಬಿಟ್ಟಿದೆ, ಕೊಳೆರೋಗಕ್ಕೆ ಮದ್ದು ಬಿಡಬೇಕು. ಪೈಪು ಎರಡೇ. ಸರಸರ ಮರ ಹತ್ತುವ ಹುಡುಗರು ಇಬ್ಬರಿದ್ದಾರೆ. ಅವರನ್ನು ಕೆಳಗೆ ಸುಣ್ಣ, ಮೈಲುತುತ್ತು ಕಲಸಲು ನಿಲ್ಲಿಸಿ, ಮಂಡಿನೋವಿನ ಮಾವನ ಕೈಗೆ ಪೈಪು ಕೊಡುತ್ತೀರಾ? ಮದ್ದು ಕಲಸಲು ಮಾವನೇ ಸಾಕು!

ಹಾಗಾಗಿ ನಾವು ಈಗ ಪೂಲ್ ಮಾಡಿದ್ದೇವೆ, ಅಂದರೆ ಮಷೀನ್‌ಗಳನ್ನು ಗುಂಪು ಮಾಡಿ ಯಾವುದಕ್ಕೆ ಯಾವ ಕೆಲಸ ಅಂತ ಗೊತ್ತು ಮಾಡಿದ್ದೇವೆ. ಹೊಸ ಮಷೀನ್‌ಗಳು ಮೊದಲು ಲೈಸೆನ್ಸ್ ಬೇಕಾದ ಕೆಲಸ ಹುಡುಕುತ್ತವೆ, ಅದು ಇಲ್ಲದಿದ್ದರೆ ಮಾತ್ರ ಬೇರೆ. ಹಳೆಯವು ಲೈಸೆನ್ಸ್ ಕೆಲಸದ ಕಡೆ ಬರುವುದೇ ಇಲ್ಲ. ಇದಕ್ಕೆ ಬಿದ್ದ ಖರ್ಚು ಸೊನ್ನೆ. ಸೆಟ್ಟಿಂಗ್ ಹೇಗೆ ಅಂತ ಭಾನುವಾರ ಲೈವ್‌ನಲ್ಲಿ ತೋರಿಸುತ್ತೇನೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿಕೊಳ್ಳಿ, ಕನ್ನಡದಲ್ಲಿ ಇದನ್ನೆಲ್ಲ ಹೇಳುವವರು ಕಡಿಮೆ. ನಮ್ಮ ಕಾಸರಗೋಡಿನ ಮಂಜೇಶ್ವರದಿಂದ ಹೊಸದುರ್ಗದವರೆಗೆ ಕಂಪ್ಯೂಟರ್ ಇಟ್ಟುಕೊಂಡು ಮನೆಯಲ್ಲೇ ಈ ಕೆಲಸ ಮಾಡುವ ಹುಡುಗ ಹುಡುಗಿಯರಿಗಾಗಿ ನಾನು ಇದನ್ನು ಮಾಡುತ್ತಿದ್ದೇನೆ.

ಇನ್ನೊಬ್ಬರು, "ಬ್ಲೆಂಡರ್ ಬಳಸಿ, ಲೈಸೆನ್ಸ್ ತಲೆನೋವೇ ಇಲ್ಲ." ಬ್ಲೆಂಡರ್ ಉಚಿತವಾಗಿ ಸಿಗುವ 3ಡಿ ಸಾಫ್ಟ್‌ವೇರ್, ನನಗೂ ಪ್ರಾಣ. ಸಾವಿರ ಮಷೀನ್‌ನಲ್ಲಿ ಹಾಕಿದರೂ ಯಾರೂ ಕೇಳುವುದಿಲ್ಲ. ಆದರೆ ಕ್ಲೈಂಟ್ ಮಾಯಾ ಅನ್ನುವ ಬೇರೆ 3ಡಿ ಸಾಫ್ಟ್‌ವೇರಿನ ಫೈಲ್ ಕಳಿಸಿ ನಾಡಿದ್ದು ಬೇಕು ಅಂದಾಗ "ಮೊದಲು ನೀವು ಬ್ಲೆಂಡರ್ ಕಲಿಯಿರಿ" ಅನ್ನಲಾಗುತ್ತದಾ? ಹೇಳಿ ನೋಡಿ, ನಾಡಿದ್ದು ಅವರು ಫೋನೇ ಎತ್ತುವುದಿಲ್ಲ.

ಎಣಿಸುವುದು ಅಂದರೆ ಬಿಲ್ ನೋಡಿ ಎಣಿಸುವುದಲ್ಲ. ಈ ಕ್ಷಣ ಎಷ್ಟು ಖಾಲಿ ಇದೆ ಅಂತ ಲೈಸೆನ್ಸ್ ಹಂಚುವ ಸರ್ವರನ್ನೇ ಕೇಳಬೇಕು. ನಮ್ಮಲ್ಲಿ ಮಳೆಗಾಲದ ಕರೆಂಟ್ ಹೇಗೆ ಅಂತ ಗೊತ್ತಲ್ಲ. ಮಷೀನ್ ಫಟ್ ಅಂತ ಆಫ್ ಆದರೆ ಸರ್ವರ್‌ಗೆ ಅದು ಕೂಡಲೇ ತಿಳಿಯದೇ ಹೋಗಬಹುದು. ಲೈಸೆನ್ಸ್ ಸತ್ತ ಮಷೀನಿನ ಹೆಸರಲ್ಲೇ ಕೂತಿರುತ್ತದೆ. ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸುವ ನ್ಯೂಕ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ರೆಂಡರ್ ಲೈಸೆನ್ಸ್ ಬೇರೆ, ಆರ್ಟಿಸ್ಟ್ ಕೂತು ಕೆಲಸ ಮಾಡುವುದು ಬೇರೆ. ರಾತ್ರಿ ರೆಂಡರ್ ಮಾಡುವ ಮಷೀನ್‌ಗಳಿಗೆ ಆರ್ಟಿಸ್ಟ್ ಲೈಸೆನ್ಸ್ ತಿನ್ನಿಸಿದರೆ ಬೆಳಿಗ್ಗೆ ಒಂಬತ್ತಕ್ಕೆ ಬಂದ ಹುಡುಗಿ ಖಾಲಿ ಪರದೆ ನೋಡಿಕೊಂಡು ಕೂರಬೇಕು. ಅವಳ ಸಂಬಳದ ಹೊತ್ತು ಅದು!

ಲೈಸೆನ್ಸ್ ಎಣಿಸಿ, ಮಾರಾಯ್ರೆ! ಎಷ್ಟು ಸಲ ಹೇಳಲಿ? ಮಷೀನ್ ಅಂಗಡಿಯಲ್ಲಿ ಸಿಗುತ್ತದೆ, ಇವತ್ತು ಬುಕ್ ಮಾಡಿದರೆ ಈ ವಾರದಲ್ಲೇ ಬರುತ್ತದೆ. ಹೋದ ರಾತ್ರಿ ಬರುತ್ತದಾ?

ಆ ಕಾಮೆಂಟ್ ಬರೆದವರೇ, ನಿಮ್ಮ ಮೇಲೆ ಕೋಪ ಇಲ್ಲ. ನಿಮ್ಮ ಕ್ಯೂನ ಒಂದು ಸ್ಕ್ರೀನ್‌ಶಾಟ್ ಕಳಿಸಿ. ಯಾವ ಮಷೀನ್‌ನಲ್ಲಿ ಯಾವ ಕೆಲಸ ಓಡುತ್ತಿದೆ ಅಂತ ಕಾಣುವ ಹಾಗೆ. ಭಾನುವಾರ ಲೈವ್‌ನಲ್ಲಿ ಮೊದಲು ಅದನ್ನೇ ತೆಗೆದುಕೊಳ್ಳುತ್ತೇನೆ.