ಕತ್ತಿ ಬೇಡ ಅಂದವರು ಬಾಯಿ ಮುಚ್ಚು ಅನ್ನಲಿಲ್ಲ

ಎಲ್ಲರಿಗೂ ಸಲಾಂ, ನಮಸ್ಕಾರ. ಹೋದ ಶುಕ್ರವಾರ ಜುಮ್ಮಾ ನಮಾಜ್ ಮುಗಿಸಿ ದಾವಣಗೆರೆಯ ಆಜಾದ್ ನಗರದಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ನಿಂತಿದ್ದೆವು. ಪಕ್ಕದ ಮನೆ ಚಾಚಾ ರೇಷನ್ ಅಕ್ಕಿ ಹೊತ್ತು ಬಂದರು. ಚೀಲ ಯಾಕೋ ಹಗುರ ಅನ್ನಿಸಿ ಕಿರಾಣಿ ಅಂಗಡಿಯ ತಕ್ಕಡಿ ಮೇಲಿಟ್ಟೆವು. 10 ಕೆಜಿ ಅಂತ ಕೊಟ್ಟಿದ್ದು 9 ಚಿಲ್ಲರೆ ಇತ್ತು. ನಡೀರಿ ಚಾಚಾ, ಕೇಳೋಣ ಅಂದೆ. "ಬ್ಯಾಡ ಬೇಟಾ, ಸರ್ಕಾರದ ಅಂಗಡಿ. ಮೇಲಿನವರ ಮಾತು ಕೇಳಬೇಕು ಅಂತ ದೀನಿನಲ್ಲೇ, ನಮ್ಮ ಧರ್ಮದಲ್ಲೇ ಇದೆ, ಸುಮ್ನಿರು" ಅಂದರು.

ಮೂರು ದಿನ ಆ ಮಾತು ತಲೆ ಕೊರೆಯಿತು. ಮೇಲಿನವರ ಮಾತು ಕೇಳಬೇಕು ಅಂತ ಇರೋದು ನಿಜ. ಆದರೆ ತೂಕದಲ್ಲಿ ಮೋಸ ಮಾಡುವವರಿಗೆ ಕೇಡು ಅಂತಲೇ ಶುರುವಾಗುವ ಅಧ್ಯಾಯವೂ ಕುರಾನಿನಲ್ಲಿದೆ, 83ನೆಯದು. ಕೆಟ್ಟದ್ದು ಕಂಡರೆ ಕೈಯಿಂದ ಬದಲಿಸಿ, ಆಗದಿದ್ದರೆ ನಾಲಿಗೆಯಿಂದ, ಅದೂ ಆಗದಿದ್ದರೆ ಮನಸ್ಸಿನಿಂದ, ಕೊನೆಯದು ತೀರಾ ದುರ್ಬಲ ಈಮಾನ್ (ನಂಬಿಕೆ) ಅನ್ನುವ ಹದೀಸ್, ಅಂದರೆ ಪ್ರವಾದಿಯವರ ಮಾತು, ನಮಗೆಲ್ಲ ಬಾಯಿಪಾಠ, ಅಲ್ವಾ? ಅದನ್ನು ಪ್ರವಾದಿಯವರ ಸಂಗಡಿಗ ಅಬೂ ಸಈದ್ ಹೇಳಿದ್ದು ಯಾವಾಗ ಗೊತ್ತಾ? ಈದ್ ದಿನ ಮರ್ವಾನ್ ನಮಾಜಿಗೂ ಮುಂಚೆ ಖುತ್ಬಾ (ಪ್ರವಚನ) ಶುರುಮಾಡಿದ. ಮರ್ವಾನ್ ಅಂದರೆ ಅಧಿಕಾರದಲ್ಲಿದ್ದವನು. ಒಬ್ಬ ಮನುಷ್ಯ ಎದ್ದು ನಿಂತು, ನಮಾಜ್ ಮೊದಲು ಅಂದುಬಿಟ್ಟ. ಈತ ತನ್ನ ಕರ್ತವ್ಯ ಮಾಡಿದ ಅಂತ ಹೇಳಿ ಅಬೂ ಸಈದ್ ಆ ಹದೀಸ್ ಓದಿದರು.

ಸುಮ್ನಿರಿ ಅನ್ನುವವರು ಒಂಬತ್ತನೇ ಶತಮಾನದ ಧರ್ಮಪಂಡಿತ ಇಮಾಮ್ ಅಹ್ಮದ್ ಬಿನ್ ಹಂಬಲ್ ಹೆಸರು ಜಾಸ್ತಿ ಹೇಳುತ್ತಾರೆ. ಆಳುವ ಖಲೀಫನ ವಿರುದ್ಧ ದಂಗೆ ಏಳೋಣವಾ ಅಂತ ಬಗ್ದಾದಿನ ವಿದ್ವಾಂಸರು ಕೇಳಿದಾಗ ಅವರು ಬೇಡ ಅಂದರು, ಸುಮ್ನೆ ಜನರ ರಕ್ತ ಹರಿಯುತ್ತದೆ ಅಂದರು. ನನಗೂ ಅದೇ ಸರಿ ಅನ್ನಿಸುತ್ತದೆ. ಆದರೆ 833ರಲ್ಲಿ ಖಲೀಫ ಮಾಮೂನ್ ಶುರುಮಾಡಿದ ವಿಚಾರಣೆಯಲ್ಲಿ, ಕುರಾನ್ ಅನಾದಿಯಲ್ಲ, ಸೃಷ್ಟಿಯಾದದ್ದು ಅಂತ ಒಪ್ಪಿಕೋ ಅಂದರೆ ಒಪ್ಪದೆ ಜೈಲು ಸೇರಿ, ಮುಂದಿನ ಖಲೀಫನ ಕೈಯಲ್ಲಿ ಚಾಟಿ ಏಟು ತಿಂದವರೂ ಅವರೇ. ಬಾಯಿ ಮುಚ್ಚಿಕೊಂಡವನ ಬೆನ್ನಿಗೆ ಯಾರೂ ಚಾಟಿ ಬೀಸುವುದಿಲ್ಲ.

ಇನ್ನೊಬ್ಬ ದೊಡ್ಡ ಧರ್ಮಪಂಡಿತ ಗಝಾಲಿ ಇದನ್ನು ಬಿಡಿಸಿಯೇ ಬರೆದಿದ್ದಾರೆ. ದೊರೆಯ ಮೇಲೆ ಪ್ರಜೆ ಆಯುಧ ಎತ್ತಬಾರದು, ಗಲಭೆಯಾದರೆ ಪಾಪದವರು ಸಾಯುತ್ತಾರೆ. ಮಾತಾಡಿದರೆ ತನಗೊಬ್ಬನಿಗೇ ತೊಂದರೆ ಅಂತಿದ್ದರೆ, ಕಟುವಾಗಿಯೇ ಮಾತಾಡಬಹುದು, ಅದು ಒಳ್ಳೆಯದು ಕೂಡ. ನಮ್ಮಲ್ಲಿ ಬಹಳ ಜನ ಹನಫಿ ಪಂಥದವರು. ಆ ಪಂಥದ ಇಮಾಮ್ ಅಬೂ ಹನೀಫಾ ಖಲೀಫ ಕೊಟ್ಟ ಖಾಜಿ (ನ್ಯಾಯಾಧೀಶ) ಹುದ್ದೆಯನ್ನೇ ಒಲ್ಲೆ ಅಂದು ಜೈಲಿಗೆ ಹೋದವರು.

ಇದನ್ನೆಲ್ಲ ನಿನ್ನೆ ರಾತ್ರಿ ಚಾಚಾಗೆ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಚೀಲ ಬಿಚ್ಚದೆ ಹಾಗೇ ಇಟ್ಟಿದ್ದಾರೆ. ಬೆಳಿಗ್ಗೆ ಅದನ್ನು ಹೊತ್ತು ನಾನು ಹೋಗುತ್ತೇನೆ, ಮತ್ತೆ ತೂಗಿ ಅಂತ ಕೇಳುತ್ತೇನೆ. ಅವರೂ ಬರುತ್ತಾರಂತೆ, ಬಾಗಿಲ ತನಕ.